ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ, ಮೇಡಂ

ನಮ್ಮ ಮನೆಯ ವೈಫೈ ತುಂಬಾ ಒಳ್ಳೆಯದು. ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತದೆ. ಟಿವಿ, ಅತ್ತೆಯ ಫೋನು, ಗಾಜು ಒಡೆದ ಮಗಳ ಟ್ಯಾಬು, ಮೊಬೈಲಿನಿಂದ ಹಚ್ಚಿ ಆರಿಸುವ ಒಂದು ಬಲ್ಬು (ಸ್ವಿಚ್ಚು ಪಕ್ಕದಲ್ಲೇ ಇದೆ, ಆದರೂ) ಎಲ್ಲವೂ ಅದರಲ್ಲಿವೆ. ಬಲ್ಬಿಗೇ ಸಿಗುವ ಇಂಟರ್ನೆಟ್ಟು ಆಫೀಸಿನ ಲ್ಯಾಪ್‌ಟಾಪಿಗೆ ಸಿಗುವುದಿಲ್ಲ ಎಂದರೆ ಯಾರು ನಂಬುತ್ತಾರೆ? ನಮ್ಮ ಮನೆಯಲ್ಲಂತೂ ಯಾರೂ ನಂಬಲಿಲ್ಲ.

"ನನ್ನ ಫೋನಲ್ಲಿ ಬರ್ತಾ ಇದೆಯಲ್ಲ" ಅಂದರು ಅತ್ತೆ. "ನನ್ನದರಲ್ಲೂ ಬರ್ತಿದೆ" ಅಂದರು ಇವರು. ಇಬ್ಬರ ಸಾಕ್ಷಿ ಆದ ಮೇಲೆ ಕೇಸು ಮುಗಿದಂತೆಯೇ. ತಪ್ಪು ಲ್ಯಾಪ್‌ಟಾಪಿನದು, ಇಲ್ಲವೇ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳದು.

ಆಫೀಸಿನಿಂದ ಬಂದ ಸೂಚನೆ ಚಿಕ್ಕದಾಗಿತ್ತು. ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ ಮಾಡಬಹುದು. ಲ್ಯಾಪ್‌ಟಾಪನ್ನು ಮನೆಯ ಇಂಟರ್ನೆಟ್ಟಿಗೆ ಕನೆಕ್ಟ್ ಮಾಡಿ, ವಿಪಿಎನ್ (ಮನೆಯ ಲ್ಯಾಪ್‌ಟಾಪನ್ನು ಇಂಟರ್ನೆಟ್ಟಿನ ಮೂಲಕ ಆಫೀಸಿನ ಒಳಗಿನ ನೆಟ್‌ವರ್ಕಿಗೆ ಸೇರಿಸುವ ದಾರಿ) ಆನ್ ಮಾಡಿ, ಎಂದಿನಂತೆ ಕೆಲಸ ಶುರು ಮಾಡಿ. ಇದನ್ನು ಬರೆದವರು ಆಫೀಸಿನಲ್ಲಿ ಕೂತು ಬರೆದಿದ್ದಾರೆ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಮೊದಲು ಪಾಸ್‌ವರ್ಡು. ಅದು ರೂಟರಿನ ತಳದಲ್ಲಿ ಒಂದು ಚೀಟಿಯ ಮೇಲಿರುತ್ತದೆ. ರೂಟರು ಟಿವಿಯ ಹಿಂದಿರುತ್ತದೆ. ಟಿವಿಯಲ್ಲಿ ಅತ್ತೆಯ ಧಾರಾವಾಹಿ ಇರುತ್ತದೆ. ಧಾರಾವಾಹಿಗೆ ಅಡ್ಡ ಬರದಂತೆ ಬಗ್ಗಿ, ಗೋಡೆಗೂ ಟಿವಿಗೂ ನಡುವೆ ಕೈ ತೂರಿಸಿ, ಅಂದಾಜಿನ ಮೇಲೆ ಫೋಟೊ ತೆಗೆದು, ಹಿಗ್ಗಿಸಿ ನೋಡಿದೆ. ಒಂದು ಕಡೆ ಇದ್ದದ್ದು ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ತಿಳಿಯಲಿಲ್ಲ. ಇನ್ನೊಂದು ಕಡೆ ನಿಂತಿದ್ದ ಕಡ್ಡಿ ಒಂದೂ ಆಗಬಹುದು, ಚಿಕ್ಕ ಎಲ್ ಆಗಬಹುದು, ದೊಡ್ಡ ಐ ಕೂಡ ಆಗಬಹುದು. ವೈಫೈ ಪಾಸ್‌ವರ್ಡು ಕಡಿಮೆ ಎಂದರೆ 8 ಅಕ್ಷರ ಇರಬೇಕು, ಜಾಸ್ತಿ ಎಂದರೆ 63 ಇರಬಹುದು. 63 ಅಕ್ಷರ ಇಟ್ಟವರ ಮನೆಗೆ ನೆಂಟರು ಎರಡನೇ ಸಲ ಬರಲಾರರು.

ಎಲ್ಲ ಜೋಡಣೆಗಳನ್ನೂ ಹಾಕಿ ನೋಡುತ್ತಿದ್ದಾಗ ಇವರು ಬಂದು ನಿಂತರು. "ಅದನ್ನ ನಾನು ಯಾವಾಗಲೋ ಚೇಂಜ್ ಮಾಡಿದೀನಲ್ಲ. ಸೆಕ್ಯೂರಿಟಿಗೆ."

"ಹೊಸದೇನ್ರೀ?"

"ಎಲ್ಲೋ ಬರೆದಿಟ್ಟಿದೀನಿ."

ಕೊನೆಗೆ ಮಗಳು ತನ್ನ ಟ್ಯಾಬಿನ ಸೆಟ್ಟಿಂಗ್ಸಿಗೆ ಹೋಗಿ, ಏನೋ ಒತ್ತಿ, ಒಂದು ಕ್ಯೂಆರ್ ಕೋಡು ತೋರಿಸಿದಳು. ಅದರ ಕೆಳಗೆ ಪಾಸ್‌ವರ್ಡು ಅಕ್ಷರಗಳಲ್ಲೇ ಇತ್ತು. ಅವಳದೇ ಹೆಸರು, ಮುಂದೆ 123. ಸೆಕ್ಯೂರಿಟಿ!

ಇನ್ನು ಯಾವ ವೈಫೈಗೆ ಸೇರಬೇಕು ಎಂಬ ಪ್ರಶ್ನೆ. ಒಂದೇ ರೂಟರಿನಿಂದ ಎರಡು ಹೆಸರು ಕಾಣುತ್ತವೆ. ಒಂದರ ಬಾಲಕ್ಕೆ 5ಜಿ ಎಂದಿರುತ್ತದೆ. ಇದಕ್ಕೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ. ಇದು 5 ಗಿಗಾಹರ್ಟ್ಸ್, ಇನ್ನೊಂದು 2.4. ಐದರದ್ದು ಓಟ ಜೋರು, ಗೋಡೆ ಅಡ್ಡ ಬಂದರೆ ಸುಸ್ತು. 2.4 ಅಷ್ಟು ಜೋರಿಲ್ಲ, ಆದರೆ ಗೋಡೆ ದಾಟಿ ಬರುತ್ತದೆ. ತೊಂದರೆ ಏನೆಂದರೆ ಅಲ್ಲಿ ಗಿಜಿಗಿಜಿ ಜನ. ಅಕ್ಕಪಕ್ಕದ ಮನೆಗಳ ವೈಫೈ ಅಲ್ಲೇ, ಬ್ಲೂಟೂತು ಅಲ್ಲೇ. ಮೈಕ್ರೊವೇವ್ ಓವನ್ ಕೂಡ ಹೆಚ್ಚುಕಡಿಮೆ ಅಲ್ಲೇ ಕೆಲಸ ಮಾಡುತ್ತದೆ. ನನ್ನ ಮೇಜು ಇರುವುದು ಅಡುಗೆಮನೆಯ ಗೋಡೆಗೆ ಒರಗಿಕೊಂಡು. ಮೀಟಿಂಗಿನಲ್ಲಿ ಮ್ಯಾನೇಜರ್ ದನಿ ಇದ್ದಕ್ಕಿದ್ದಂತೆ ತುಂಡುತುಂಡಾದರೆ, ಒಳಗೆ ಅತ್ತೆ ಏನೋ ಬಿಸಿ ಮಾಡುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತದೆ. ಟಿಂಗ್ ಎಂದ ಕೂಡಲೇ ಅವರ ದನಿ ಸರಿಹೋಗುತ್ತದೆ. ಈ ವಿಷಯ ಮ್ಯಾನೇಜರಿಗೆ ಹೇಳಿಲ್ಲ. ಕೆಲವು ಮೀಟಿಂಗುಗಳಲ್ಲಿ ಉಪಯೋಗಕ್ಕೆ ಬರುತ್ತದೆ.

ವೈಫೈ ಸಿಕ್ಕಿತು ಎನ್ನುವಷ್ಟರಲ್ಲಿ ಆಫೀಸಿನ ಪಾಸ್‌ವರ್ಡಿನ ಅವಧಿ ಮುಗಿದಿತ್ತು. ಅದು ಯಾವಾಗಲೂ ಇಂಥ ದಿನವೇ ಮುಗಿಯುತ್ತದೆ, ಗಮನಿಸಿದ್ದೀರಾ? ಸಹಾಯ ಬೇಕಿದ್ದರೆ ಹೆಲ್ಪ್‌ಡೆಸ್ಕಿಗೆ ಟಿಕೆಟ್ ಹಾಕಬೇಕು. ಟಿಕೆಟ್ ಹಾಕುವ ಪುಟ ವಿಪಿಎನ್ ಇದ್ದರೆ ಮಾತ್ರ ತೆರೆಯುತ್ತದೆ. ವಿಪಿಎನ್ ಆಗುತ್ತಿಲ್ಲ ಎನ್ನುವುದೇ ನನ್ನ ದೂರು. ಹೀಗಾಗಿ ಫೋನು ಮಾಡಿದೆ. ಆ ಕಡೆಯ ಹುಡುಗ ಹೊಸ ಪಾಸ್‌ವರ್ಡು ಕೊಟ್ಟ. ಅದನ್ನು ಲ್ಯಾಪ್‌ಟಾಪಿಗೆ ಹಾಕಿದರೆ ತಪ್ಪು ಅಂದಿತು.

"ಮೇಡಂ, ಲ್ಯಾಪ್‌ಟಾಪ್‌ಗೆ ಹಳೇದೇ ಹಾಕಿ."

"ಹಳೇದು ಮುಗೀತಲ್ಲ?"

"ಮುಗಿದಿದೆ. ಆದ್ರೆ ಮುಗಿದಿದೆ ಅಂತ ಲ್ಯಾಪ್‌ಟಾಪ್‌ಗೆ ಇನ್ನೂ ಗೊತ್ತಿಲ್ಲ."

ಯೋಚಿಸಿದರೆ ಅವನು ಹೇಳಿದ್ದು ಸರಿಯೇ. ಪಾಸ್‌ವರ್ಡು ಬದಲಾದ ಸುದ್ದಿ ಆಫೀಸಿನಿಂದ ಬರಬೇಕು. ಆಫೀಸಿನ ಸಂಪರ್ಕ ಆಗುವುದು ವಿಪಿಎನ್ ಆದ ಮೇಲೆ. ವಿಪಿಎನ್ ಒತ್ತಬೇಕಾದರೆ ಮೊದಲು ಲ್ಯಾಪ್‌ಟಾಪಿನ ಒಳಗೆ ಹೋಗಿರಬೇಕು. ಅಲ್ಲಿಯವರೆಗೆ ಅದು ತನಗೆ ನೆನಪಿರುವ ಹಳೆಯ ಪಾಸ್‌ವರ್ಡನ್ನೇ ಹಿಡಿದುಕೊಂಡಿರುತ್ತದೆ. ಒಳಗೆ ಹೋಗಲು ಹಳೆಯದು, ವಿಪಿಎನ್ನಿಗೆ ಹೊಸದು; ಆಮೇಲೆ ಸ್ಕ್ರೀನ್ ಲಾಕ್ ಮಾಡಿ ಹೊಸದನ್ನೇ ಹಾಕಿ ತೆರೆಯಬೇಕು. ಆಗ ಅದಕ್ಕೆ ಜ್ಞಾನೋದಯ ಆಗುತ್ತದೆ.

ಇದರ ಮೇಲೊಂದು ಕೋಡು ಬೇರೆ. ಫೋನಿನ ಆ್ಯಪಿನಲ್ಲಿ 6 ಅಂಕಿ ಕಾಣುತ್ತದೆ, 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಫೋನು ಚಾರ್ಜಿಗೆ ಇರುವುದು ಒಂದು ಕೋಣೆಯಲ್ಲಿ, ಲ್ಯಾಪ್‌ಟಾಪು ಇರುವುದು ಇನ್ನೊಂದು ಕೋಣೆಯಲ್ಲಿ. ನಾನು ಅಂಕಿ ಬಾಯಿಪಾಠ ಮಾಡುತ್ತಾ ಓಡಿದೆ. ದಾರಿಯಲ್ಲಿ ಅತ್ತೆ "ಏನಾಯ್ತೇ?" ಅಂದರು. ಅಷ್ಟೇ, ಕೊನೆಯ ಎರಡು ಅಂಕಿ ಹೋದವು.

ಹೇಗೋ ವಿಪಿಎನ್ ಹಸಿರಾಯಿತು. ಮೇಲ್ ಬಂತು, ಚಾಟ್ ಬಂತು. ನಮ್ಮ ಟೀಮಿನ ಫೈಲುಗಳೆಲ್ಲ ಇರುವ ಫೋಲ್ಡರು ಮಾತ್ರ ಬರಲಿಲ್ಲ. ಗುಂಡಗೆ ತಿರುಗುವ ಒಂದು ಬಳೆ, ಕೊನೆಗೆ "ಸಿಗುತ್ತಿಲ್ಲ" ಎಂಬ ಉತ್ತರ. ನನ್ನ ಕೆಲಸ ಇರುವುದೇ ಆ ಫೋಲ್ಡರಿನಲ್ಲಿ. ಅದಿಲ್ಲದೆ ನಾನು ಮೇಲಿಗೆ "ಧನ್ಯವಾದ" ಎಂದು ಉತ್ತರ ಬರೆಯಬಹುದು, ಅಷ್ಟೇ.

ಈಗ ಶುರುವಾಯಿತು ನನ್ನ ಮಧ್ಯಸ್ಥಿಕೆ. ಹೆಲ್ಪ್‌ಡೆಸ್ಕಿನವರು, "ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ ಮೇಡಂ, ನಿಮ್ಮ ಇಂಟರ್ನೆಟ್ ಕಂಪನಿಯವರನ್ನ ಕೇಳಿ" ಅಂದರು. ಇಂಟರ್ನೆಟ್ ಕಂಪನಿಯವರು ಸ್ಪೀಡ್ ಟೆಸ್ಟ್ ಮಾಡಿಸಿದರು. ಮುಳ್ಳು ಸರ್ರನೆ ಬಲಕ್ಕೆ ವಾಲಿತು. "ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ ಮೇಡಂ, ನಿಮ್ಮ ಆಫೀಸಿನವರನ್ನ ಕೇಳಿ." ಇಬ್ಬರೂ ಹೇಳಿದ್ದು ನಿಜ. ಎಲ್ಲರ ಕಡೆಯೂ ಎಲ್ಲಾ ಸರಿ ಇದ್ದು, ಕೆಲಸ ಮಾತ್ರ ಆಗದೆ ಇರುವುದು ಈ ವ್ಯವಹಾರದ ವಿಶೇಷ. ಯಾರ ಕಡೆಗೂ ಸೇರದ ಆ ಮಧ್ಯದ ಜಾಗಕ್ಕೆ ಮನೆಯಲ್ಲಿ ಕೂತವರೇ ನೆಟ್‌ವರ್ಕ್ ವಿಭಾಗ. ಸಂಬಳ ಬೇರೆ ಕೆಲಸಕ್ಕೆ ಬರುತ್ತದೆ.

"ಕೇಬಲ್ ಹಾಕಿ ನೋಡಿ" ಎಂಬ ಸಲಹೆಯೂ ಬಂತು. ಕೇಬಲ್ ಒಳ್ಳೆಯದೇ, 100 ಮೀಟರಿನವರೆಗೆ ತಕರಾರಿಲ್ಲದೆ ನಡೆಯುತ್ತದೆ. ಆದರೆ ನನ್ನ ಲ್ಯಾಪ್‌ಟಾಪು ಎಷ್ಟು ತೆಳ್ಳಗಿದೆ ಎಂದರೆ ಆ ಕೇಬಲ್ ಚುಚ್ಚಲು ಅದರಲ್ಲಿ ತೂತೇ ಇಲ್ಲ. ಯುಎಸ್‌ಬಿಗೆ ಹಾಕುವ ಅಡಾಪ್ಟರು ಇತ್ತು. ಹಾಕಿದೆ. ಆಫೀಸಿನ ನಿಯಮದಂತೆ ಹೊರಗಿನ ಸಾಧನವನ್ನು ತಡೆಹಿಡಿಯಲಾಗಿದೆ ಎಂದು ಲ್ಯಾಪ್‌ಟಾಪು ತಿಳಿಸಿತು. ಕೇಬಲ್ ಅಧ್ಯಾಯ ಮುಗಿಯಿತು.

ಹೆಲ್ಪ್‌ಡೆಸ್ಕಿನಲ್ಲಿ ಕೊನೆಗೆ ಇನ್ನೊಬ್ಬ ಹುಡುಗ ಸಿಕ್ಕಿದ. ಇವನು ರೀಸ್ಟಾರ್ಟ್ ಮಾಡಿ ಅನ್ನಲಿಲ್ಲ. ಅಲ್ಲಿಗೇ ನನಗೆ ನಂಬಿಕೆ ಬಂತು. "ನಾನೇ ನೋಡ್ತೀನಿ ಮೇಡಂ, ಪರ್ಮಿಷನ್ ಕೊಡಿ" ಅಂದ. ಕೊಟ್ಟೆ. ನನ್ನ ಮೌಸ್ ಬಾಣ ತಾನಾಗಿಯೇ ಓಡಾಡತೊಡಗಿತು. ಯಾವ ಕಾಲದಿಂದಲೋ ತೆರೆದಿಟ್ಟಿದ್ದ ಬ್ರೌಸರ್ ಟ್ಯಾಬುಗಳ ಮುಂದೆ ಒಂದು ಕ್ಷಣ ನಿಂತಿತು. ಹೇಳದೆ ಕೇಳದೆ ಬಂದವರು ಹಾಸಿಗೆ ಮಡಚದ ಕೋಣೆಗೇ ನುಗ್ಗಿದರೆ ಹೇಗಾಗುತ್ತದೆ, ಹಾಗಾಯಿತು ನನಗೆ. ಅವನು ಕಪ್ಪು ಕಿಟಕಿಯೊಂದನ್ನು ತೆರೆದು ಏನೋ ಟೈಪ್ ಮಾಡಿದ.

"ಮೇಡಂ, ನಿಮ್ಮ ಫೋಲ್ಡರ್ ಇರೋ ಸರ್ವರ್ ನಂಬರ್ 192.168.1.20. ಇದನ್ನ ಬ್ರೌಸರ್‌ನಲ್ಲಿ ಹಾಕ್ತೀನಿ, ನೋಡಿ."

ಒಂದು ಪುಟ ತೆರೆಯಿತು. ನೀಲಿ, ಕೆಂಪು, ಹಳದಿ, ಕಪ್ಪು ನಾಲ್ಕು ಕಂಬಗಳು. ಹಳದಿ ತಳ ಕಂಡಿತ್ತು. ಕೆಳಗೆ ಎಚ್ಚರಿಕೆ: ಇಂಕು ಮುಗಿಯುತ್ತಾ ಬಂದಿದೆ.

ಅದು ನಮ್ಮ ಮನೆಯ ಪ್ರಿಂಟರು. ಬೆಳಗಿನಿಂದ ನನ್ನ ಲ್ಯಾಪ್‌ಟಾಪು ಆಫೀಸಿನ ಫೈಲುಗಳನ್ನು ಕೇಳುತ್ತಿದ್ದದ್ದು ಹಾಲಿನ ಮೂಲೆಯಲ್ಲಿ ಕೂತ ಪ್ರಿಂಟರನ್ನು. ಪಾಪ, ಅದು ತಾನೆ ಎಲ್ಲಿಂದ ತಂದುಕೊಟ್ಟೀತು?

ಹುಡುಗ ಬಿಡಿಸಿ ಹೇಳಿದ. ಇಂಥ ನಂಬರೇ ನೆಟ್‌ವರ್ಕಿನಲ್ಲಿ ಒಂದೊಂದು ಸಾಧನದ ವಿಳಾಸ. ನಮ್ಮ ರೂಟರುಗಳು ಬಳಸುವ ಹಳೆಯ ಬಗೆಯ ವಿಳಾಸ ಇಡೀ ಪ್ರಪಂಚಕ್ಕೆ ಇರುವುದು ಸುಮಾರು 430 ಕೋಟಿ. ಎಲ್ಲಾ ಬಲ್ಬುಗಳಿಗೂ ಒಂದೊಂದು ಕೊಡುತ್ತಾ ಹೋದರೆ ಸಾಲುವುದಿಲ್ಲ. ಅದಕ್ಕೆ ಮನೆ, ಆಫೀಸುಗಳ ಒಳಗಿನ ಬಳಕೆಗೆ ಕೆಲವು ನಂಬರುಗಳನ್ನು ಬೇರೆ ಮಾಡಿಟ್ಟಿದ್ದಾರೆ. 1996ರ ನಿಯಮದಲ್ಲಿ ಅಂಥ ಮೂರು ಗುಂಪುಗಳಿವೆ, 192.168 ಎಂದು ಶುರುವಾಗುವುದು ಅದರಲ್ಲೊಂದು. ನಮ್ಮ ಮನೆಯಲ್ಲೂ ಇರಬಹುದು, ನಿಮ್ಮ ಮನೆಯಲ್ಲೂ ಇರಬಹುದು, ಜಗಳವಿಲ್ಲ. ಆದರೆ ವಿಪಿಎನ್ ಹಾಕಿದಾಗ ಎರಡು ಜಾಗಗಳು ಒಂದಕ್ಕೊಂದು ಸೇರುತ್ತವೆ. ಆಗ ಎರಡೂ ಕಡೆ ಒಂದೇ ನಂಬರಿದ್ದರೆ ಲ್ಯಾಪ್‌ಟಾಪು ಹತ್ತಿರದವರನ್ನೇ ಕೇಳುತ್ತದೆ. ಆ ಗುಂಪಿನಲ್ಲಿ 65,536 ವಿಳಾಸಗಳಿವೆ. ಆದರೂ ಬಹಳಷ್ಟು ರೂಟರುಗಳು 192.168ರ ನಂತರದ ಅಂಕಿಯನ್ನು 0 ಅಥವಾ 1ರಲ್ಲೇ ಶುರು ಮಾಡುತ್ತವೆ, ಮುಂದೆ ಎಣಿಸಲು ಬೇಜಾರು. ಆಫೀಸು ಚಿಕ್ಕದಿದ್ದಾಗ ಅಲ್ಲಿ ಯಾರೋ ಪೆಟ್ಟಿಗೆಯಿಂದ ತೆಗೆದ ರೂಟರನ್ನು ಹಾಗೇ ಹಚ್ಚಿದ್ದರಂತೆ. ಆಫೀಸು ಬೆಳೆಯಿತು. ನಂಬರು ಬೆಳೆಯಲಿಲ್ಲ.

"ಮನೆ ರೂಟರ್‌ನಲ್ಲಿ ಆ 1 ತೆಗೆದು 50 ಮಾಡಿದ್ರೆ ಆಯ್ತು ಮೇಡಂ" ಅಂದ. ರೂಟರಿನ ಪುಟ ತೆರೆದ. ಯೂಸರ್‌ನೇಮ್ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಇವರ ಸೆಕ್ಯೂರಿಟಿ ಅಲ್ಲಿಯವರೆಗೆ ಹೋಗಿರಲಿಲ್ಲ. 50 ಎಂದು ಹಾಕಿ ಸೇವ್ ಒತ್ತಿದ.

ರೂಟರು ಕಣ್ಣು ಮುಚ್ಚಿತು. ಅದರ ಜೊತೆ ನನ್ನ ಲ್ಯಾಪ್‌ಟಾಪಿನ ಒಳಗಿದ್ದ ಅವನೂ ಹೋದ. ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದ. ಹಾಲಿನಿಂದ ಅತ್ತೆ, "ಅಯ್ಯೋ, ಈಗಲೇ ಹೋಗಬೇಕಿತ್ತಾ?" ಅಂದರು. ಟ್ಯಾಬಿನ ಕಡೆಯಿಂದ "ಅಮ್ಮಾ!" ಎಂದು ಕೂಗು ಬಂತು. ಕೋಣೆಯಿಂದ ಇವರು ಹೊರಗೆ ಬಂದು, ರೂಟರನ್ನು ನೋಡಿ, ನನ್ನನ್ನು ನೋಡಿ, ಏನೂ ಹೇಳದೆ ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಎಲ್ಲವೂ ಒಂದೊಂದಾಗಿ ಬಂದವು. ಬಲ್ಬೂ ಬಂತು. ವಿಪಿಎನ್ ಹಾಕಿದೆ, ಫೋಲ್ಡರು ತೆರೆಯಿತು. ಅದೇ ಹೊತ್ತಿಗೆ ಆಫೀಸಿನಿಂದ ಮೇಲ್: ನಿಮ್ಮ ಟಿಕೆಟ್ ಮುಚ್ಚಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ನಾನು ಹಾಕದೇ ಇದ್ದ ಟಿಕೆಟ್ಟು. ಹುಡುಗನ ಮುಖ ನೋಡಿ, ಅಂದರೆ ದನಿ ನೆನೆದು, ಐದು ಕೊಟ್ಟೆ.

ಪ್ರಿಂಟರು ಮಾತ್ರ ಬರಲಿಲ್ಲ. ಅದಕ್ಕೆ ಇವರು ಹಿಂದೆಂದೋ ಒಂದು ನಂಬರನ್ನು ಖಾಯಂ ಮಾಡಿಟ್ಟಿದ್ದರು. ಇಡೀ ಮನೆ 50ಕ್ಕೆ ಹೋದರೂ ಅದು ತನ್ನ 1ರಲ್ಲೇ ಕೂತಿತ್ತು. "ಭಾನುವಾರ ನೋಡ್ತೀನಿ" ಅಂದರು ಇವರು. ಯಾವ ಭಾನುವಾರ ಎಂದು ನಾನು ಕೇಳಲಿಲ್ಲ.

ಮಾರನೇ ದಿನ ಮಗಳಿಗೆ ಶಾಲೆಗೆ ಒಂದು ಆನೆಯ ಚಿತ್ರ ಬೇಕಿತ್ತು, ಬಣ್ಣ ತುಂಬಲು. ನಾನು ಮೇಜಿನಿಂದ ಎದ್ದಿದ್ದೆ. ಆಫೀಸಿನ ನಿಯಮದ ಪ್ರಕಾರ ಅವಳು ಆ ಲ್ಯಾಪ್‌ಟಾಪನ್ನು ಮುಟ್ಟುವ ಹಾಗಿಲ್ಲ. ನಿಯಮ ಬರೆದವರ ಮನೆಯಲ್ಲಿ ಮಕ್ಕಳಿಲ್ಲವೇನೋ. ಮನೆಯ ಪ್ರಿಂಟರು ಆಫ್‌ಲೈನ್ ಎಂದು ಬೂದು ಬಣ್ಣದಲ್ಲಿ ಮಲಗಿತ್ತು. ಅವಳು ಪಟ್ಟಿಯಲ್ಲಿ ಎಚ್ಚರವಿದ್ದ ಇನ್ನೊಂದನ್ನು ಆರಿಸಿ ಒತ್ತಿದಳು. ಏನೂ ಬರಲಿಲ್ಲ. ಮತ್ತೆ ಒತ್ತಿದಳು. ಮತ್ತೆ, ಮತ್ತೆ.

ನಾನು ಬಂದು ಕೂತಾಗ ಟೀಮಿನ ಗ್ರೂಪಿನಲ್ಲಿ ಒಂದು ಫೋಟೊ ಬಂದಿತ್ತು. ಆಫೀಸಿನ ದೊಡ್ಡ ಪ್ರಿಂಟರು, ಅದರ ತಟ್ಟೆಯಲ್ಲಿ ಆನೆಗಳ ಕಟ್ಟು. ಕೆಳಗೆ ಒಂದು ಸಂದೇಶ: "ಮೇಡಂ, ಇದು ನಿಮ್ಮ ಹೆಸರಲ್ಲಿ ಬರ್ತಾ ಇದೆ. ಈಗ ಪೇಪರ್ ಖಾಲಿ ಅಂತ ತೋರಿಸ್ತಿದೆ. ಹಾಕ್ಲಾ?"