ಉಪ್ಪುಗಾಳಿ ತಿಂದ ಬೀಗ

ಇವತ್ತು ಬೆಳಿಗ್ಗೆ ಗೇಟಿನ ಬೀಗದೊಳಗೇ ಕೀಲಿ ಮುರೀತು. ಕೈಗೆ ಬಂದಿದ್ದು ಹಿಡಿ ಮಾತ್ರ, ಬೆರಳಿಗೆಲ್ಲ ಕೆಂಪು ತುಕ್ಕಿನ ಪುಡಿ. ತಂದು ಒಂದು ವರ್ಷವೂ ಆಗಿಲ್ಲ!

ಕಡಲ ಪಕ್ಕದ ಊರಲ್ಲಿ ಕಬ್ಬಿಣ ಬಾಳಲ್ಲ, ಗೊತ್ತು. ಅಲೆ ಒಡೆದಾಗ ಏಳೋ ಸಣ್ಣ ಹನಿಗಳನ್ನ ಗಾಳಿ ಹೊತ್ತು ತರುತ್ತೆ. ನೀರು ಆರಿದರೂ ಉಪ್ಪು ಅಲ್ಲೇ ಕೂತು ಗಾಳಿಯ ತೇವ ಹೀರ್ತಾ ಲೋಹವನ್ನ ಒದ್ದೆಯಾಗೇ ಇಡುತ್ತೆ. ಕಿಟಕಿ ಸರಳು, ಸೈಕಲ್ ಚೈನು, ಯಾವುದನ್ನೂ ಬಿಡಲ್ಲ.

ನನ್ನ ಸಿಟ್ಟು ಕಡಲಿನ ಮೇಲಲ್ಲ, ಮಾರೋರ ಮೇಲೆ. 'ಸ್ಟೇನ್‌ಲೆಸ್ ಸ್ಟೀಲು, ತುಕ್ಕೇ ಹಿಡಿಯಲ್ಲ' ಅಂತ ಕಣ್ಣಲ್ಲಿ ಕಣ್ಣಿಟ್ಟು ಹೇಳ್ತಾರೆ. ಆ ಸ್ಟೀಲಲ್ಲೂ ದರ್ಜೆಗಳಿವೆ, 304 ಬೇರೆ, 316 ಬೇರೆ. 316ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಅನ್ನೋ ಲೋಹ ಇರುತ್ತೆ, ಹಾಗಾಗಿ ಉಪ್ಪಿಗೆ ಹೆಚ್ಚು ತಡೆಯುತ್ತೆ. ದುಬಾರಿ, ಒಪ್ಪಿದೆ. ಆದರೆ ಯಾವುದು ಕೊಡ್ತಿದೀರಿ ಅಂತ ಹೇಳೋಕೇನು ಕಷ್ಟ? ಇದೇ ಊರಿನವರು, ಇದೇ ಗಾಳಿ ಉಸಿರಾಡೋರು, ಗೊತ್ತಿದ್ದೂ ಸುಳ್ಳು ಹೇಳಿದರೆ ಹೊಟ್ಟೆ ಉರಿಯಲ್ವಾ?

ಈಗ ಬೀಗ ಒಡೆಯೋಕೆ ಸುತ್ತಿಗೆ ಹುಡುಕ್ತಿದೀನಿ. ಅದರ ತಲೆಗೂ ತುಕ್ಕು.