ಮೇಷ್ಟ್ರು ತೋರಿಸಿದ ಧೂಮಕೇತು

ಮೈಸೂರಿನ ಅಗ್ರಹಾರದ ನಮ್ಮ ವಠಾರದಲ್ಲಿ ಎಂಟು ಮನೆ, ಒಂದು ನಲ್ಲಿ, ಒಬ್ಬ ಸರ್ವಜ್ಞ. ಆ ಸರ್ವಜ್ಞನಿಗೆ ಆಗ ಹತ್ತು ವರ್ಷ. ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಹಿರಿಯರೇ ಅವನನ್ನು ಮೇಷ್ಟ್ರು ಎಂದು ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಅಸಲಿ ಹೆಸರು ಬರೆದರೆ ಅವನ ಹೆಂಡತಿ ಇದನ್ನು ಓದಿ, ತನಗೆ ಮೊದಲೇ ಅನುಮಾನವಿತ್ತು ಎಂದುಬಿಡುವ ಅಪಾಯವಿದೆ.

ನವಿಲುಗರಿಯನ್ನು ಪುಸ್ತಕದೊಳಗಿಟ್ಟು ಪೆನ್ಸಿಲ್ ಹೆರೆದ ಚೂರು ಹಾಕಿದರೆ ಅದು ಮರಿ ಹಾಕುತ್ತದೆ ಎಂಬುದು ಎಲ್ಲ ಊರಿನ ಮಕ್ಕಳಿಗೂ ಗೊತ್ತಿದ್ದ ವಿಜ್ಞಾನ. ಆ ಚೂರು ಹೊಸ ಪೆನ್ಸಿಲ್ಲಿನದೇ ಆಗಿರಬೇಕು, ಹಳೆಯದಾದರೆ ಬಾಣಂತನಕ್ಕೆ ತೊಂದರೆ ಎಂದು ತಿದ್ದುಪಡಿ ತಂದವನು ನಮ್ಮ ಮೇಷ್ಟ್ರು. ಒಂದು ಭಾನುವಾರ ಸಂಜೆ ಅರಮನೆಗೆ ದೀಪ ಹಾಕಿದಾಗ, ಅಲ್ಲಿರುವ ಹತ್ತಿರಹತ್ತಿರ ಲಕ್ಷ ಬಲ್ಬುಗಳನ್ನೂ ಎಣಿಸಿಯೇ ತೀರುತ್ತೇನೆಂದು ನಿಂತ. ಮುನ್ನೂರರ ಆಸುಪಾಸಿನಲ್ಲಿ ಕಡಲೆಕಾಯಿ ಮಾರುವವನು ಅಡ್ಡ ಬಂದ. ಆದರೂ ಮನೆಗೆ ಮರಳಿ, ‘ಮೂರು ಬಲ್ಬು ಕಡಿಮೆ ಇವೆ’ ಎಂದು ವರದಿ ಒಪ್ಪಿಸಿದ.

ಇಂಥವನ ಕಾಲದಲ್ಲಿ ಹ್ಯಾಲಿ ಧೂಮಕೇತು ಬಂತು. 1986ರ ಮಾರ್ಚ್ ತಿಂಗಳು. 1910ರಲ್ಲಿ ಬಂದಿದ್ದಾಗ ಭೂಮಿ ಅದರ ಬಾಲದೊಳಗಿಂದಲೇ ಹಾದುಹೋಗಿತ್ತಂತೆ, ವಿಷಗಾಳಿಗೆ ಹೆದರಿದ ಜನರಿಗೆ ಕೆಲವರು ಧೂಮಕೇತು ಮಾತ್ರೆಗಳನ್ನೇ ಮಾರಿದ್ದರಂತೆ. ಈ ಬಾರಿ ಅದು ಸೂರ್ಯನಿಗೆ ತೀರಾ ಸಮೀಪವಿದ್ದಾಗ ನಾವು ಸೂರ್ಯನ ಆಚೆ ಬದಿಯಲ್ಲಿದ್ದೆವು. ಹೀಗಾಗಿ ದರ್ಶನವೇ ದುರ್ಲಭ. ಬೆಳಗಿನ ಜಾವ ಆಗ್ನೇಯ ದಿಕ್ಕಿನಲ್ಲಿ, ತೀರಾ ಕೆಳಗೆ ಮಸುಕಾಗಿ ಕಾಣುತ್ತದೆ ಎಂಬ ಸುದ್ದಿಯನ್ನು ಮೇಷ್ಟ್ರು ಎಲ್ಲಿಂದಲೋ ಹೊತ್ತು ತಂದ. ಅವನು ಹೇಳಿದವುಗಳಲ್ಲಿ ನಿಜವಾಗಿದ್ದದ್ದು ಇದೊಂದೇ. ನಮ್ಮನ್ನು ಕೆಡಿಸಿದ್ದೂ ಇದೇ.

ಪರೀಕ್ಷೆಗೆ ಓದಲು ನಾಲ್ಕು ಗಂಟೆಗೆ ಏಳುತ್ತೇವೆ ಎಂದು ಮನೆಗಳಲ್ಲಿ ಹೇಳಿದೆವು. ತಾಯಂದಿರಿಗೆ ಆನಂದದಿಂದ ರಾತ್ರಿ ನಿದ್ದೆಯೇ ಬರಲಿಲ್ಲ. ಕತ್ತಲಲ್ಲಿ ಐದಾರು ಮಂದಿ ವಠಾರದ ಯಜಮಾನರ ತಾರಸಿಗೆ ಹತ್ತಿದೆವು. ನಾಲ್ಕು ಹೆಜ್ಜೆ ಇಟ್ಟಿಲ್ಲ, ಕಾಲಡಿಯಲ್ಲಿ ಪಟಪಟ, ಚರಚರ. ಎಲ್ಲರೂ ನಿಂತಲ್ಲೇ ನಿಂತೆವು.

“ಹೆದರಬೇಡಿ ಕಣ್ರೋ,” ಎಂದ ಮೇಷ್ಟ್ರು, ದನಿ ತಗ್ಗಿಸಿ. “ಧೂಮಕೇತುವಿನ ಬಾಲ ಉದುರುವ ಸದ್ದು ಅದು.”

ಆಮೇಲೆ ಆಗ್ನೇಯಕ್ಕೆ ಕೈ ಚಾಚಿದ. ಇತ್ತು! ಮೇಲೊಂದು ಹೊಳೆಯುವ ಚುಕ್ಕೆ, ಅದರಿಂದ ಓರೆಯಾಗಿ ಇಳಿದ ಬೆಳಕಿನ ಬಾಲ. ಯಜಮಾನರ ಮೊಮ್ಮಗಳು ಕೈಮುಗಿದಳು. ಒಬ್ಬ ಪರೀಕ್ಷೆಯಲ್ಲಿ ಪಾಸು ಮಾಡಿಸು ಎಂದು ಬೇಡಿಕೊಂಡ. ನೋಡುತ್ತಲೇ ಇದ್ದೆವು. ಬೆಳಕು ಹರಿಯುತ್ತಾ ಬಂದಂತೆ ಧೂಮಕೇತುವಿನ ಹಿಂದೆ ನಿಧಾನವಾಗಿ ಚಾಮುಂಡಿ ಬೆಟ್ಟ ಮೂಡಿತು. ಬಾಲವು ಬೆಟ್ಟದ ರಸ್ತೆಯುದ್ದಕ್ಕೂ ಕಂಬಕ್ಕೊಂದರಂತೆ ಶಿಸ್ತಾಗಿ ನಿಂತಿತ್ತು. ನಾವು ಮೇಷ್ಟ್ರ ಮುಖ ನೋಡುವಷ್ಟರಲ್ಲಿ ಯಾರೋ ಬೀದಿದೀಪಗಳ ಸ್ವಿಚ್ ಆರಿಸಿದರು. ಧೂಮಕೇತು ಫಕ್ಕನೆ ಮಾಯ.

“ನೋಡಿದಿರಾ, ಎಷ್ಟು ವೇಗ!” ಎಂದ ಮೇಷ್ಟ್ರು.

ಉದುರಿದ್ದ ಬಾಲವೂ ಅಷ್ಟರಲ್ಲಿ ಕಣ್ಣಿಗೆ ಬಿತ್ತು. ಯಜಮಾನರ ಮನೆಯ ಅಜ್ಜಿ ಹಳೆಯ ಪಂಚೆಯ ಮೇಲೆ ಹರಡಿ, ಇನ್ನೊಂದು ಬಿಸಿಲು ಬೇಕೆಂದು ತಾರಸಿಯಲ್ಲೇ ಬಿಟ್ಟಿದ್ದ ಅರಳು ಸಂಡಿಗೆ. ಆ ತಿಂಗಳಲ್ಲೇ ಜೊತ್ತೊ ಎಂಬ ಯುರೋಪಿನ ನೌಕೆ ನಿಜವಾದ ಧೂಮಕೇತುವಿನಿಂದ ಸುಮಾರು 600 ಕಿಲೋಮೀಟರ್ ದೂರದಲ್ಲಿ ಹಾದುಹೋಗಿ, ದೂಳಿನ ಹೊಡೆತ ತಿಂದು ಪೆಟ್ಟುಮಾಡಿಕೊಂಡಿತು. ನಮಗಾದ ಪೆಟ್ಟಿಗೆ ದೂಳು ಕಾರಣವಲ್ಲ, ಅಜ್ಜಿಯ ಸೌದೆ ಸೀಳು ಕಾರಣ. ಎರಡು ದಿನದ ನಂತರ ಅಜ್ಜಿ ಪುಡಿಯಾದದ್ದನ್ನೇ ಕರಿದು ಎಂಟು ಮನೆಗೂ ಬಟ್ಟಲಿನಲ್ಲಿ ಕಳಿಸಿದರು. ಪುಡಿ ಮಾಡಿ ಕರಿದರೆ ಎಣ್ಣೆ ಕಡಿಮೆ ಹಿಡಿಯುತ್ತದೆ ಎಂದು ಮೇಷ್ಟ್ರು ಬಾಯಿ ತುಂಬ ತಿನ್ನುತ್ತಲೇ ವಿವರಿಸಿದ.

ವಠಾರ ಹೋಗಿ ಅಲ್ಲಿ ಈಗ ಮೂರಂತಸ್ತಿನ ಕಟ್ಟಡ ಬಂದಿದೆ. ಮೇಷ್ಟ್ರು ಕಳೆದ ವರ್ಷ ಒಂದು ಮದುವೆಯಲ್ಲಿ ಸಿಕ್ಕಿದ. ಕೂದಲು ಕಡಿಮೆಯಾಗಿದೆ, ಜ್ಞಾನ ಕಡಿಮೆಯಾಗಿಲ್ಲ. ಎಲೆಯ ಮುಂದೆ ಕುಳಿತು ಪಕ್ಕದವರಿಗೆ ಮೈಸೂರು ಪಾಕಿನ ತೂತುಗಳ ಬಗ್ಗೆ ಪಾಠ ಮಾಡುತ್ತಿದ್ದ. ಬೆಟ್ಟದ ದೀಪದ ಮಾತು ತೆಗೆದೆ.

“ನಾನು ತೋರಿಸಿದ್ದು ಧೂಮಕೇತುವನ್ನೇ. ನೀವು ದೀಪ ನೋಡಿದರೆ ನಾನೇನು ಮಾಡಲಿ? ಇರಲಿ ಬಿಡು, 2061ಕ್ಕೆ ಮತ್ತೆ ಬರುತ್ತದೆ. ಈ ಸಲ ಬೆಟ್ಟದ ಮೇಲೆಯೇ ನಿಂತು ನೋಡೋಣ, ಆಗ ಬೆಟ್ಟ ಅಡ್ಡ ಬರುವುದಿಲ್ಲ.”

“ಅದು ಸೂರ್ಯನ ಹತ್ತಿರ ಬರುವುದು ಜುಲೈನಲ್ಲಿ ಕಣೋ. ಮಳೆಗಾಲ, ಬರೀ ಮೋಡ. ಆಗ ನಮಗೆ ಎಂಬತ್ತೈದು ವರ್ಷ ಬೇರೆ. ಸಾವಿರ ಮೆಟ್ಟಿಲು ಹತ್ತುವವರು ಯಾರು?”

“ಅಷ್ಟರಲ್ಲಿ ರೋಪ್‌ವೇ ಆಗಿರುತ್ತದೆ,” ಎಂದ.

ನವಿಲುಗರಿಯನ್ನು ನಂಬಿದ್ದೆ, ಉದುರುವ ಬಾಲವನ್ನು ನಂಬಿದ್ದೆ. ರೋಪ್‌ವೇ ನಂಬಲು ಮಾತ್ರ ಧೈರ್ಯ ಬರಲಿಲ್ಲ.