ಬಚ್ಚಲ ಹೋಲ್ಡರ್ರೂ ನಮ್ಮ ಭಾವನೂ

ದಸರಾ ಬಂತಂದ್ರೆ ಮೈಸೂರಲ್ಲಿ ಕತ್ತಲೆ ಅನ್ನೋದೇ ಇರಲ್ಲ, ಅರಮನೆ ಒಂದಕ್ಕೇ ಲಕ್ಷದ ಹತ್ರ ಬಲ್ಬು, ಸಯ್ಯಾಜಿರಾವ್ ರೋಡಲ್ಲಿ ಹೋದ್ರೆ ಮೈಮೇಲೆಲ್ಲಾ ಕೆಂಪು ಹಸಿರು ಬೆಳಕು, ಯಾವ ಸರ್ಕಲ್ ನೋಡಿದ್ರೂ ಲೈಟಿಂಗು. ಊರು ಹಿಂಗೆ ಝಗಮಗ ಅಂತಿದ್ರೆ ಕುವೆಂಪುನಗರದ ನಮ್ಮನೆ ಬಚ್ಚಲಲ್ಲಿ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಪೊರಕೆ ಹಿಡೀಲಿ ತಟ್ಟಿಸ್ಕೊಳ್ದೆ ಹತ್ತುತ್ತಿರ್ಲಿಲ್ಲ.

ತಟ್ಟೋದ್ರಲ್ಲೂ ಒಬ್ಬೊಬ್ರದ್ದು ಒಂದೊಂದು ಕೈಗುಣ. ನಮ್ಮೆಜಮಾನ್ರು ಕೆಳಗಿಂದ ಮೆತ್ತಗೆ ತಳ್ಳೋರು, ಮಗ ಪಕ್ಕಕ್ಕೆ ಬಾರಿಸೋನು, ಅತ್ತೆ ಮೊದ್ಲು ಚೆನ್ನಾಗಿ ಬೈದು ಆಮೇಲೆ ತಟ್ಟೋರು, ಅವ್ರಿಗೇ ಬೇಗ ಹತ್ತೋದು. ಬಲ್ಬ್ ಬದ್ಲಾಯ್ಸಿದ್ದೂ ಆಯ್ತು, ಹೊಸ ಬಲ್ಬಿಗೂ ಅದೇ ಚಾಳಿ. ಬಲ್ಬಿನ ತಪ್ಪೇನಿಲ್ಲ ಪಾಪ, ಹೋಲ್ಡರ್ ಒಳಗೆ ಸ್ಪ್ರಿಂಗ್ ಇರೋ ಎರಡು ಹಿತ್ತಾಳೆ ಪಿನ್ ಇರ್ತಾವಲ್ಲ, ಗೀಸರಿನ ಆವಿ ಕುಡಿದು ಕುಡಿದು ಅವು ಹಸಿರು ಹಿಡಿದು ಸ್ಪ್ರಿಂಗ್ ಸತ್ತೋಗಿತ್ತು, ಅರ್ಧಂಬರ್ಧ ತಾಗಿ ಚಿರ್ ಚಿರ್ ಅಂತ ಕಿಡಿ ಬೇರೆ, ಒಂಥರಾ ಸುಟ್ಟ ವಾಸ್ನೆ. ಆ ವಾಸ್ನೆ ಬಂದ್ಮೇಲೆ ಇನ್ನು ಪೊರಕೆ ವೈದ್ಯ ಸಾಕು ಅಂತ ನಾನೇ ಹೇಳ್ದೆ.

ಇನ್ನೊಂದು ವಿಚಿತ್ರ ಇತ್ತು. ರಾತ್ರಿ ಸ್ವಿಚ್ ಆಫ್ ಮಾಡಿದ್ಮೇಲೂ ಬಲ್ಬು ಮಿಣಮಿಣ ಅಂತ ಉರೀತಾನೇ ಇರೋದು, ಕಂಡೂ ಕಾಣದಂಗೆ. ಅತ್ತೆ "ನಿಮ್ಮ ಮಾವನ ಥರಾನೇ ಕಣವ್ವ ಇದು, ಮನೀಕೊಳ್ಳಿ ಅಂದ್ರೆ ಮನೀಕೊಳಾಕಿಲ್ಲ, ಎದ್ದೇಳಿ ಅಂದ್ರೆ ಏಳಾಕಿಲ್ಲ" ಅನ್ನೋರು. ನಾವೆಲ್ಲ ನಕ್ಕು ಸುಮ್ನಾಗ್ತಿದ್ವಿ.

ಹೋಲ್ಡರ್ ತರೋಕೆ ಯಜಮಾನ್ರನ್ನ ಶಿವರಾಂಪೇಟೆಗೆ ಕಳ್ಸಿದೆ. ಅಂಗಡಿಯವ್ರು ಬ್ಯಾಟನ್ನಾ, ಆಂಗಲ್ಲಾ, ಪೆಂಡೆಂಟಾ ಅಂತ ಕೇಳಿದ್ರಂತೆ, ಇವ್ರು ಗಾಬರಿಯಾಗಿ ಎಲ್ಲಕ್ಕಿಂತ ಚೆನ್ನಾಗಿ ಕಾಣೋದು ಕೊಡಿ ಅಂದಿದ್ದಾರೆ. ಮನೆಗೆ ಬಂದು ನೋಡಿದ್ರೆ ತಿರುಪಿನ ಹೋಲ್ಡರ್ರು. ನಮ್ಮನೆ ಬಲ್ಬುಗಳೆಲ್ಲಾ ಪಿನ್ನಿಂದು, 22 ಮಿಲಿಮೀಟರ್ ಬುಡದ್ದು, ಒತ್ತಿ ತಿರುಗ್ಸಿ ಸಿಗಿಸೋವು. "ರೀ, ಇದಕ್ಕೆ ಈ ಬಲ್ಬ್ ಹೋಗಲ್ಲ" ಅಂದ್ರೆ "ಸ್ವಲ್ಪ ಒತ್ತಿದ್ರೆ ಹೋಗುತ್ತೇನೋ ನೋಡು" ಅಂತಾರೆ! ಬ್ಯಾಂಕಲ್ಲಿ ಕೋಟಿ ಲೆಕ್ಕ ನೋಡೋ ಮನುಷ್ಯ. ಮತ್ತೆ ಶಿವರಾಂಪೇಟೆ, ಮತ್ತೆ ಟ್ರಾಫಿಕ್ಕು, ಮತ್ತೆ ಪಾರ್ಕಿಂಗ್ ಪುರಾಣ, ಬಿಡಿ.

ಇಷ್ಟರಲ್ಲಿ ಮಂಡ್ಯದಿಂದ ಭಾವ ಸಂಸಾರ ಸಮೇತ ಬಂದಿಳಿದ್ರು, ಅವತ್ತು ಆಯುಧಪೂಜೆ. ಕತ್ತಲ ಬಚ್ಚಲಲ್ಲಿ ಇಷ್ಟು ಜನ ಸ್ನಾನ ಮಾಡೋದು ಹೆಂಗೆ, ಇವತ್ತೇ ಕೆಲ್ಸ ಮುಗಿಸೋಣ ಅಂದ್ರೆ ಟೆಸ್ಟರ್ರು, ಸ್ಕ್ರೂಡ್ರೈವರ್ರು, ಕಟಿಂಗ್ ಪ್ಲೇಯರ್ರು ಎಲ್ಲಾ ದೇವರ ಮುಂದೆ ಅರಿಶಿನ ಕುಂಕುಮ ಇಟ್ಕೊಂಡು ಸೇವಂತಿಗೆ ಹೂವಲ್ಲಿ ಕೂತಿದ್ವು. ಪೂಜೆಗಿಟ್ಟ ಆಯುಧ ವಿಜಯದಶಮಿಗೆ ಮುಂಚೆ ಮುಟ್ಟೋ ಹಾಗಿಲ್ಲ ಅಂತ ಅತ್ತೆ ಆರ್ಡರ್ರು. ಸರಿ, ಮೊಬೈಲ್ ಟಾರ್ಚ್ ಹಿಡ್ಕೊಂಡು ಸರದಿ ಸ್ನಾನ.

ಮಾರನೆ ದಿನ ಮಧ್ಯಾಹ್ನ ಊಟ ಆಗಿದ್ದೇ ಭಾವ ಪಂಚೆ ಎತ್ತಿ ಕಟ್ಟಿ ರೆಡಿ. ನಾನು ಮಾಡ್ತೀನಿ ಭಾವ, ನೀವು ಕೂತ್ಕೊಳ್ಳಿ ಅಂದ್ರೆ ಕೇಳೋ ಜೀವ ಅಲ್ಲ ಅದು. "ಬುಡವ್ವ, ತ್ರೀ ಫೇಸ್ ಪಂಪ್‌ಸೆಟ್ಟಿನ ಸ್ಟಾರ್ಟ್ರನ್ನೇ ಬಿಚ್ಚಿ ಜೋಡ್ಸೋರು ನಾವು, ಈ ಬಚ್ಚಲ ಬಲ್ಬು ಯಾವ ಲೆಕ್ಕ" ಅಂದ್ರು. ನಮ್ಮಪ್ಪ ಮಳವಳ್ಳಿ ಕಡೆ ಕೆಇಬೀಲಿ ಲೈನ್‌ಮನ್ ಆಗಿದ್ದೋರು, 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣೀಗೆ ಕರೆಂಟ್ ಕಳ್ಸಿದ ತಾಲ್ಲೂಕು ನಮ್ದು ಅಂತ ಮದ್ವೆ ಮಾತುಕತೆಯಲ್ಲೂ ಹೇಳ್ಕೊಂಡಿದ್ರು, ಅಂಥವ್ರ ಮಗಳ ಮುಂದೆ ಇವ್ರ ಪಂಪ್‌ಸೆಟ್ ಪುರಾಣ. ಆದ್ರೂ ಹಿರಿಯರು, ಸ್ಟೂಲ್ ಹಿಡ್ಕೊಂಡು ನಿಂತ್ಕೊಂಡೆ. ಮರದ ಸ್ಟೂಲು, ಕಾಲಿಗೆ ಒಣಗಿದ ರಬ್ಬರ್ ಚಪ್ಪಲಿ, ನೆಲ ಒರೆಸಿ ಒಣಗ್ಸಿದ್ದು, ಇಷ್ಟಕ್ಕೆ ಮಾತ್ರ ಒಪ್ಪಿಸ್ದೆ.

ಭಾವ ಬಚ್ಚಲ ಸ್ವಿಚ್ ಆಫ್ ಮಾಡಿ ಸೀದಾ ಕೈ ಹಾಕೋಕೆ ಹೋದ್ರು. ತಡೀರಿ ಭಾವ, ಟೆಸ್ಟರ್ ಇಡಿ ಅಂದೆ. "ಸ್ವಿಚ್ ಆಪಾಗದಲ್ಲವ್ವ" ಅಂತ ಗೊಣಗ್ತಾನೇ ಹೋಲ್ಡರ್ ಪಿನ್ನಿಗೆ ಇಟ್ರು. ಟೆಸ್ಟರ್ ಒಳಗಿನ ದೀಪ ಕೆಂಪಗೆ ಹತ್ತಿಕೊಳ್ತು. ಭಾವ ಟೆಸ್ಟರ್ ಕೆಟ್ಟೋಗದೆ ಅಂದ್ರು. ಕೆಟ್ಟ ಟೆಸ್ಟರ್ ಕರೆಂಟ್ ಇದ್ರೂ ಹತ್ತಲ್ಲ, ಅದಕ್ಕೇ ಅಪ್ಪ ಯಾವಾಗ್ಲೂ ಮೊದ್ಲು ಕರೆಂಟ್ ಇರೋ ಪ್ಲಗ್ಗಲ್ಲಿ ಅದನ್ನ ಪರೀಕ್ಷೆ ಮಾಡಿ ಆಮೇಲೆ ಕೆಲಸಕ್ಕೆ ಹೋಗ್ತಿದ್ದಿದ್ದು, ನಾನೂ ಅಡುಗೆಮನೆ ಪ್ಲಗ್ಗಲ್ಲಿ ನೋಡ್ಕೊಂಡೇ ಕೊಟ್ಟಿದ್ದೆ. ಆಗ ನಂಗೆ ಮಾವನ ಥರ ಮಿಣಮಿಣ ಅನ್ನೋ ಬಲ್ಬಿನ ಗುಟ್ಟು ಹೊಳೀತು. ವೈರಿಂಗ್ ಮಾಡಿದ ಯಾರೋ ಪುಣ್ಯಾತ್ಮ ಸ್ವಿಚ್ಚಿಗೆ ಕರೆಂಟ್ ತರೋ ಫೇಸ್ ವೈರ್ ಬದ್ಲು ಅದು ವಾಪಸ್ ಹೋಗೋ ನ್ಯೂಟ್ರಲ್ ವೈರ್ ಕೊಟ್ಟಿದ್ದಾನೆ. ಹಂಗಿದ್ರೆ ಸ್ವಿಚ್ ಆಫ್ ಮಾಡಿದ್ರೆ ಬಲ್ಬ್ ಏನೋ ಆರಿದಂಗೆ ಕಾಣುತ್ತೆ, ಆದ್ರೆ ಫೇಸು ಹೋಲ್ಡರ್ ತನಕ ಬಂದು 230 ವೋಲ್ಟ್ ಇಟ್ಕೊಂಡು ಯಾರಾದ್ರೂ ಕೈ ಇಡ್ಲಿ ಅಂತ ಕಾಯ್ತಾ ಕೂತಿರುತ್ತೆ, ಬಲ್ಬು ಮಿಣಮಿಣ ಅಂತಿದ್ದಿದ್ದೂ ಅದಕ್ಕೇ.

ಸರಿ, ಮೇನ್ ಆಫ್ ಮಾಡ್ಸಿದೆ. ಫ್ರಿಡ್ಜ್ ಸದ್ದು ನಿಲ್ತು. ಭಾವ ಗೆದ್ದೋರ ಥರ "ಈಗ ಸರ್ಯಾಯ್ತಾ?" ಅಂದ್ರು. ಹಾಲಲ್ಲಿ ಟಿವೀಲಿ ಜಂಬೂಸವಾರಿ ವೀಕ್ಷಕ ವಿವರಣೆ ಜೋರಾಗಿ ಬರ್ತಿದೆ, ಫ್ಯಾನ್ ಗಿರಗಿರ ತಿರುಗ್ತಿದೆ, ಮನೆಮಂದಿಯೆಲ್ಲಾ ಅದರ ಕೆಳಗೇ ಕೂತ್ಕೊಂಡು "ಕರೆಂಟ್ ತೆಗ್ದಾಯ್ತು, ಶುರು ಮಾಡಿ" ಅಂತ ಕೂಗ್ತಾವ್ರೆ! (ಮೈಸೂರಿನವ್ರು ಜಂಬೂಸವಾರಿನ ಟಿವೀಲೇ ನೋಡೋದು, ರಸ್ತೆಗೆ ಹೋಗಿ ನೋಡೋರು ಪರಊರಿನವ್ರು.) ಭಾವ ಟೆಸ್ಟರ್ ಇಟ್ರು, ಮತ್ತೆ ಕೆಂಪಗೆ. ಈ ಸಲ ಅವ್ರ ಮುಖಾನೂ.

ಯುಪಿಎಸ್ಸು. ಮೇನ್ ತೆಗೆದ ತಕ್ಷಣ ಅದು ಕರೆಂಟ್ ಹೋಯ್ತು ಅನ್ಕೊಂಡು ಬ್ಯಾಟರಿಯಿಂದ ಲೈಟು ಫ್ಯಾನಿಗೆಲ್ಲಾ ಸಪ್ಲೈ ಕೊಡೋಕೆ ಶುರು ಮಾಡುತ್ತೆ, ಬ್ಯಾಟರಿ ಅಂದ್ಮಾತ್ರಕ್ಕೆ ಸಣ್ಣ ಶಾಕ್ ಅಲ್ಲ, ಹೊರಗೆ ಬರೋದು ಅದೇ 230. ಅದರ ಬಟನ್ ಒಂದನ್ನೇ ಆಫ್ ಮಾಡಿ ಮೇನ್ ಬಿಟ್ರೂ ಆಗಲ್ಲ, ಮೇನಿನ ಕರೆಂಟು ಅದ್ರೊಳಗಿಂದಾನೇ ದಾಟ್ಕೊಂಡು ಬರುತ್ತೆ. ಎರಡೂ ಆಫ್ ಆಗ್ಬೇಕು. ಆಫ್ ಮಾಡಿದೆ. ಸರಿಯಾಗಿ ಪುಷ್ಪಾರ್ಚನೆ ಹೊತ್ತು, ಅಂಬಾರಿ ಮುಂದೆ ಬಂದು ನಿಂತಿತ್ತಂತೆ, ಟಿವಿ ಕಪ್ಪಾಯ್ತು. ಅತ್ತೆ ಎದ್ದು ಬಂದ್ರು ನೋಡಿ, "ವರ್ಷಕ್ಕೊಂದ್ಸಲ ತಾಯಿ ಚಾಮುಂಡಿ ನೋಡೋದು, ನಿಮ್ಮ ಬಚ್ಚಲಿಗೆ ಬೆಂಕಿ ಬೀಳ!"

ಬೆಂಕಿ ಬೀಳಬಾರದು ಅಂತಾನೇ ಅತ್ತೆ ಇಷ್ಟೆಲ್ಲಾ ಅಂದೆ, ಅವ್ರಿಗೆ ಕೇಳಿಸ್ಲಿಲ್ಲ.

ಟೆಸ್ಟರ್ ಇಟ್ವಿ, ಎರಡೂ ಪಿನ್ನಲ್ಲಿ ಹತ್ಲಿಲ್ಲ. ಭಾವ ಈಗ ಸ್ವಲ್ಪ ಹುಷಾರಾಗಿ, ಎರಡು ಬೆರಳಲ್ಲಿ, ಹೋಲ್ಡರ್ ಸ್ಕ್ರೂ ಮೇಲೆ ಸ್ಕ್ರೂಡ್ರೈವರ್ ಇಟ್ಟು ಒಂದು ಸುತ್ತು ತಿರುಗ್ಸಿದ್ರು. ಢಂ! ಅಂತು. "ಹಿಡ್ಕತು ಕಣವ್ವೋ!" ಅಂತ ಭಾವ ಸ್ಟೂಲಿಂದ ಹಾರಿದ್ದು ಸೀದಾ ನಲ್ಲಿ ಕೆಳಗಿನ ಬಕೆಟ್ ಒಳಗೆ, ಒಂದು ಕಾಲು ಪೂರ್ತಿ ಒಳಗೆ, ಪಂಚೆ ಅರ್ಧ. ಮತ್ತೆ ಢಂ, ಮತ್ತೆ ಢಂ. ಅರಮನೆ ಕಡೆ ಕುಶಾಲತೋಪು ಹಾರಿಸ್ತಿದ್ರು, 21. ಅಷ್ಟೂ ಮುಗಿಯೋವರೆಗೂ ಭಾವ ಬಕೆಟ್ಟಲ್ಲೇ ನಿಂತಿದ್ರು, ಹೊರಗೆ ಬನ್ನಿ ಅಂದ್ರೆ ಒಂದು ನಿಮಿಷ ತಡಿ ಅಂದ್ರು.

ಆಮೇಲೆ ಸ್ಟೂಲ್ ಹತ್ತಿದ್ದು ನಾನೇ. ನೆಲ ಮತ್ತೆ ಒರೆಸಿ, ಹಳೇ ಹೋಲ್ಡರ್ ಬಿಚ್ಚಿದ್ರೆ ಬೇಕಲೈಟು ಬಿಸ್ಕತ್ ಮುರಿದಂಗೆ ಕೈಗೇ ಬಂತು. ಒಳಗೆ ಎರಡೂ ವೈರು ಹಳದಿ! ಹಳೇ ವೈರಿಂಗಲ್ಲಿ ಕೆಂಪು ಫೇಸು, ಕಪ್ಪು ನ್ಯೂಟ್ರಲ್ಲು, ಹಸಿರು ಅರ್ಥಿಂಗು ಅಂತ ಒಂದು ಕ್ರಮ ಇರುತ್ತೆ, ಇಲ್ಲಿ ಯಾರಿಗೋ ಹಳದಿ ಕಾಯಿಲ್ ಸೋವಿಗೆ ಸಿಕ್ಕಿರ್ಬೇಕು. ಜಾಯಿಂಟಿಗೆ ಪುಸ್ತಕಕ್ಕೆ ಬೈಂಡ್ ಹಾಕೋ ಸೆಲ್ಲೋಟೇಪ್ ಸುತ್ತಿದ್ರು. ಕರಕಲಾಗಿದ್ದ ತುದಿ ಕತ್ತರಿಸಿ, ಒಂದು ಸೆಂಟಿಮೀಟರಿನಷ್ಟು ಸಿಪ್ಪೆ ತೆಗೆದು, ಎಳೆಗಳನ್ನ ಹುರಿ ಮಾಡಿ ಮಡಚಿ, ಒಂದೆಳೆನೂ ಹೊರಗೆ ಇಣುಕದ ಹಾಗೆ ಸ್ಕ್ರೂ ಬಿಗಿ ಮಾಡಿ, ಎಳೆದು ನೋಡಿ, ಮುಚ್ಚಿದೆ. ಪಿನ್ ಹೋಲ್ಡರ್ ಆದ್ರಿಂದ ಯಾವ ವೈರ್ ಯಾವ ಕಡೆ ಅನ್ನೋ ತಲೆನೋವಿಲ್ಲ. ಯಜಮಾನ್ರು ತಂದಿದ್ದ ತಿರುಪಿಂದಾಗಿದ್ರೆ ಫೇಸು ನಡುವಿನ ಪಾಯಿಂಟಿಗೇ ಹೋಗ್ಬೇಕಿತ್ತು, ಸುತ್ತಲಿನ ತಿರುಪಿಗೆ ಹೋದ್ರೆ ಬಲ್ಬ್ ತಿರುಗ್ಸೋರ ಬೆರಳಿಗೆ ಹಬ್ಬ.

ಕರೆಂಟ್ ಹಾಕಿದ್ವಿ, ಬಲ್ಬು ಹತ್ತಿತು, ಪೊರಕೆ ಮೂಲೆ ಸೇರ್ತು. ಸ್ವಿಚ್ಚಿನ ಫೇಸ್ ನ್ಯೂಟ್ರಲ್ ಅದಲುಬದಲು ಮಾತ್ರ ನಾನು ಮುಟ್ಲಿಲ್ಲ, ಎಲ್ಲಾ ಹಳದಿ ಇರೋ ಬೋರ್ಡಲ್ಲಿ ಕೈಯಾಡ್ಸೋ ಕೆಲ್ಸ ಲೈಸೆನ್ಸ್ ಇರೋರ್ದು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದ್ರೆ "ದಸರಾ ಮುಗೀಲಿ ಮೇಡಂ, ಸೀರಿಯಲ್ ಸೆಟ್ಟೆಲ್ಲಾ ಇಳಿಸ್ಬೇಕು" ಅಂದ, ಅವನು ಬರೋವಾಗ ಭಾವ ಇನ್ನೂ ಊರಿಗೆ ಹೊರಟಿರ್ಲಿಲ್ಲ, ವಸ್ತುಪ್ರದರ್ಶನ ನೋಡೋದು ಬಾಕಿ ಇತ್ತು. ಹುಡುಗ ಬೋರ್ಡ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ಅಷ್ಟೊತ್ತು ನೋಡ್ದ. "ಯಾರು ಮೇಡಂ ವೈರಿಂಗ್ ಮಾಡ್ಸಿದ್ದು, ಪೂರ್ತಿ ಮನೇನೇ ಹಿಂಗೆ ಉಲ್ಟಾ ಇದ್ಯಲ್ಲ" ಅಂದ.

ಅತ್ತೆ ಬತ್ತಿ ಹೊಸೀತಾ ಕೂತಿದ್ದೋರು ತಲೆ ಎತ್ತಿ ದೊಡ್ಡ ಮಗನ ಕಡೆ ನೋಡಿದ್ರು. "ಯಾಕ್ಲಾ, ಮನೆ ಕಟ್ಟೋವಾಗ ಯಾರನ್ನೂ ನಂಬಬೇಡಿ, ನಾನೇ ನಿಂತು ಮಾಡುಸ್ತೀನಿ, ವೈರೂ ಸೋವಿಗೆ ತತ್ತೀನಿ ಅಂತ ನಿಮ್ಮಪ್ಪನ ತಾವ ದುಡ್ಡು ಈಸ್ಕೊಂಡು ಹೋದೋನು ನೀನೇ ಅಲ್ವೇನ್ಲಾ?"

ಭಾವ ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡು, ವಸ್ತುಪ್ರದರ್ಶನಕ್ಕೆ ಬೇಗ ಹೋದ್ರೆ ರಶ್ ಇರಾಕಿಲ್ಲ ಅಂತ ಎದ್ರು. ಬೆಳಗ್ಗೆ ಹತ್ತೂವರೆ.